ಗ್ಯಾಲ್ವೆಸ್ಟನ್ ಕ್ರೂಸ್ ರಿವ್ಯೂ: ಬಾರ್‌ಗೆ ಫುಲ್ ಮಾರ್ಕ್ಸ್, ಬಿಲ್‌ಗೆ ಪಾಸ್ ಮಾರ್ಕ್ಸೂ ಇಲ್ಲ

ರೂಮ್ ಹೇಗಿತ್ತು, ಬಫೆ ಹೇಗಿತ್ತು, ರಾತ್ರಿ ಶೋ ಹೇಗಿತ್ತು ಅಂತ ಹೇಳೋರು ಸಾವಿರ ಜನ ಇದಾರೆ, ಯೂಟ್ಯೂಬ್ ತುಂಬಾ ಅದೇ. ನಾನು ಬರೀತಿರೋದು ಟಿಪ್ಸ್ ವಿಷ್ಯ ಮಾತ್ರ, ಅದ್ರಲ್ಲೂ ಬಾರ್ ಬಗ್ಗೆ ಜಾಸ್ತಿ. ಯಾಕಂದ್ರೆ ಡ್ಯಾಲಸ್, ಆಸ್ಟಿನ್, ಹೂಸ್ಟನ್ ಕಡೆ ಇರೋ ನಮ್ಮೋರಿಗೆ ಊರಿಂದ ಅಪ್ಪ ಅಮ್ಮ ಬಂದ್ರು ಅಂದ್ರೆ ಕಾರಲ್ಲೇ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಂದರಿಗೆ ಹೋಗಿ ಪ್ರವಾಸದ ಹಡಗು ಹತ್ತಿಸೋದು ಈಗ ಮಾಮೂಲಾಗ್ಬಿಟ್ಟಿದೆ, ಹತ್ತೋಕ್ ಮುಂಚೆ ಎಲ್ರೂ ವಾಟ್ಸಾಪ್ ಗ್ರೂಪಲ್ಲಿ ಕೇಳೋದು ಒಂದೇ ಪ್ರಶ್ನೆ, "ಟಿಪ್ಸ್ ಕಂಪಲ್ಸರಿನಾ? ತೆಗಿಸ್ಬಹುದಂತಲ್ಲ?" ಹಡಗಿನ ಕಂಪನಿ ಹೆಸರು ಇಲ್ಲಿ ಹಾಕಲ್ಲ, ನಂದು ಒಂದಿಷ್ಟು ಕಂಪ್ಲೇಂಟ್ ಇದೆ. ಗ್ಯಾಲ್ವೆಸ್ಟನ್‌ನಿಂದ ಹೊರಡೋ ದೊಡ್ಡ ಹಡಗುಗಳಲ್ಲಿ ಒಂದು ಅಂತಿಟ್ಕೊಳ್ಳಿ, ಹೊಂಡುರಾಸ್‌ನ ರೊಅಟಾನ್, ಮೆಕ್ಸಿಕೋದ ಕೋಸ್ಟಾ ಮಾಯಾ, ಕೋಸುಮೆಲ್ ಸುತ್ತಿಸ್ಕೊಂಡು ಏಳು ರಾತ್ರಿಗೆ ವಾಪಸ್ ತಂದು ಬಿಡುತ್ತೆ.

ಮಾರ್ಕ್ಸ್ ಮೊದ್ಲೇ ಹಾಕ್ಬಿಡ್ತೀನಿ. ಬಾರ್ ಸರ್ವಿಸ್‌ಗೆ ಐದಕ್ಕೆ ಐದು. ರೂಮ್ ನೋಡ್ಕೊಂಡ ಹುಡುಗಂಗೆ ಐದಕ್ಕೆ ಐದು. ಡೈನಿಂಗ್ ರೂಮ್‌ಗೆ ನಾಲ್ಕೂವರೆ. ಕಂಪನಿ ಬಿಲ್ ಮಾಡೋ ರೀತಿಗೆ ಒಂದೂವರೆ, ಅದೂ ಆ್ಯಪ್‌ನಲ್ಲಿ ಅವತ್ತಿನ ಬಿಲ್ ಅವತ್ತೇ ನೋಡ್ಬಹುದು ಅನ್ನೋ ಕಾರಣಕ್ಕೆ.

ಹಡಗಲ್ಲಿ ಟಿಪ್ಸ್ ಎರಡು ದಾರೀಲಿ ನಮ್ಮ ಜೇಬಿಂದ ಹೋಗುತ್ತೆ. ಒಂದು ದಿನಕ್ಕೆ ತಲೆಗಿಷ್ಟು ಅಂತ ರೂಮಿನ ಅಕೌಂಟ್‌ಗೆ ಬೀಳೋದು. ಇದಕ್ಕೆ ದೊಡ್ಡೋರು ಚಿಕ್ಕೋರು ಅನ್ನೋ ಭೇದ ಇಲ್ಲ, ಕಾರ್ನಿವಲ್‌ನಂಥ ಕಂಪನಿ ಹಡಗಲ್ಲಿ ಎರಡು ವರ್ಷದೊಳಗಿನ ಕೂಸಿಗೆ ಮಾತ್ರ ಮಾಫಿ, ಮಿಕ್ಕಂತೆ ಇಡೀ ದಿನ ಫ್ರೆಂಚ್ ಫ್ರೈಸ್ ಬಿಟ್ಟು ಬೇರೇನೂ ಮುಟ್ಟದ ನನ್ನ ಮಗಳಿಗೂ ಅಷ್ಟೇ, ನಂಗೂ ಅಷ್ಟೇ. ರೂಮ್ ಕ್ಲೀನ್ ಮಾಡೋರು, ಡೈನಿಂಗ್ ರೂಮಲ್ಲಿ ಬಡಿಸೋರು, ಬಫೆಲಿ ತಟ್ಟೆ ಎತ್ತೋರು, ಕೆಳಗಡೆ ಲಾಂಡ್ರೀಲಿ ನಮ್ಮ ಟವಲ್ ಒಗೆಯೋರು, ಹೀಗೆ ಕಣ್ಣಿಗೆ ಬೀಳೋರು ಬೀಳದೋರು ಎಲ್ರಿಗೂ ಇದು ಹಂಚಿಹೋಗುತ್ತೆ. ಇನ್ನೊಂದು ದಾರಿ ಬಾರ್‌ದು, ಒಂದೊಂದು ಡ್ರಿಂಕ್ ಮೇಲೂ ನಮ್ಮ ಹಡಗಲ್ಲಿ 18 ಪರ್ಸೆಂಟ್, ನಾರ್ವೇಜಿಯನ್ ಕ್ರೂಸ್ ಲೈನ್‌ನಲ್ಲಿ ಆದ್ರೆ 20 ಪರ್ಸೆಂಟ್, ನೀವು ಕೇಳ್ದೇನೆ ಸೇರ್ಕೊಂಡಿರುತ್ತೆ, ಡ್ರಿಂಕ್ ಅಂದ್ರೆ ಬಿಯರ್ ವಿಸ್ಕಿನೇ ಆಗ್ಬೇಕಿಲ್ಲ, ಅಮ್ಮ ಕುಡಿದ ಕ್ಯಾಪುಚಿನೋ ಮೇಲೂ ಬಿತ್ತು.

ಹಳೇ ಕಾಲದಲ್ಲಿ ಹಿಂಗಿರ್ಲಿಲ್ಲ. ಕೊನೇ ರಾತ್ರಿ ರೂಮಿಗೆ ಸಣ್ಣ ಸಣ್ಣ ಕವರ್ ಬರ್ತಿತ್ತು, ರೂಮಿನೋನಿಗೊಂದು, ವೇಟರ್‌ಗೊಂದು, ಅಸಿಸ್ಟೆಂಟ್ ವೇಟರ್‌ಗೊಂದು, ಹೆಡ್ ವೇಟರ್‌ಗೊಂದು, ನೋಟು ಹಾಕಿ ಕೈಗೆ ಕೊಡೋದು. ಇಷ್ಟ ಇದ್ದೋರು ಕೊಡೋರು, ಇಲ್ದಿರೋರು ಕೊನೇ ರಾತ್ರಿ ಡೈನಿಂಗ್ ರೂಮ್ ಕಡೆ ತಲೆನೇ ಹಾಕ್ತಿರ್ಲಿಲ್ಲ, ಬಫೆಲಿ ತಿಂದು ಮಲಗೋರು. ಆಮೇಲೆ ಒಂದೊಂದೇ ಕಂಪನಿ ಅಕೌಂಟ್‌ಗೇ ಹಾಕೋ ಪದ್ಧತಿ ತಂದ್ವು. ರಾಯಲ್ ಕೆರಿಬಿಯನ್ 2013ರಲ್ಲಿ ಇದನ್ನ ತಂದಾಗ ಮಾಮೂಲಿ ರೂಮಿಗೆ ದಿನಕ್ಕೆ ತಲೆಗೆ 12 ಡಾಲರ್ ಇತ್ತು, 2024 ನವೆಂಬರ್‌ಗೆ ಅದು 18.50 ಆಯ್ತು. ಕಾರ್ನಿವಲ್ 2023ರಲ್ಲಿ 14.50 ಇದ್ದಿದ್ದನ್ನ 16 ಮಾಡ್ತು. ಟಿಕೆಟ್ ರೇಟ್ ಏರ್ಸಿದ್ರೆ ಜನ ಬೇರೆ ಹಡಗು ನೋಡ್ಕೋತಾರೆ, ಟಿಪ್ಸ್ ಏರ್ಸಿದ್ರೆ ಜಾಹೀರಾತಲ್ಲಿರೋ ರೇಟ್ ಹಂಗೇ ಇರುತ್ತೆ, ಅಷ್ಟು ಬುದ್ಧಿ ಅವ್ರಿಗಿದೆ.

ನಮ್ಮ ಲೆಕ್ಕ ಐದು ಜನ, ಏಳು ರಾತ್ರಿ, 600 ಡಾಲರ್ ದಾಟ್ತು. ನಾನು ಬುಕ್ ಮಾಡುವಾಗ್ಲೇ ಪ್ರೀಪೇ ಮಾಡಿದ್ದೆ. ಅಪ್ಪ ರಿಟೈರ್ಡ್ ಕೆಇಬಿ, ಹಾಸನದೋರು, ಪ್ರಿಂಟೌಟ್ ನೋಡಿ ಫೋನಲ್ಲಿ ಕ್ಯಾಲ್ಕುಲೇಟರ್ ತೆಗೆದು ರೂಪಾಯಿಗೆ ಗುಣಿಸಿದ್ರು. "ಲೋ, ಐವತ್ ಸಾವ್ರ ದಾಟ್ತಲ್ಲೋ, ಇದು ಟಿಪ್ಸಾ ಇಲ್ಲ ಯಾರ್ದೋ ಕರೆಂಟ್ ಬಿಲ್ ಬಾಕಿನಾ?" ಅಪ್ಪ ಜುಗ್ಗ ಅಲ್ಲ, ಅದನ್ನೂ ಹೇಳ್ಬೇಕು. ಊರಲ್ಲಿ ಫ್ರೆಂಡ್ಸ್ ಜೊತೆ ಕೂತ್ರೆ ಸಪ್ಲೈಯರ್‌ಗೆ ಸೋಂಪಿನ ತಟ್ಟೇಲಿ ಐವತ್ತು ಇಟ್ಟೇ ಏಳೋದು, ಆ ಸಪ್ಲೈಯರ್ ಮಗಳ ಸ್ಕೂಲ್ ಫೀಸಿಗೂ ಒಂದ್ಸಲ ಕೊಟ್ಟಿದ್ರಂತೆ. ಅವ್ರ ತಕರಾರು ದುಡ್ಡಿಂದಲ್ಲ. "ಅವ್ನು ಇನ್ನೂ ನನ್ ಮುಖಾನೇ ನೋಡಿಲ್ಲ, ಒಂದ್ ಲೋಟ ನೀರ್ ಕೊಟ್ಟಿಲ್ಲ, ಅಷ್ಟರೊಳಗೆ ಟಿಪ್ಸ್ ಹೆಂಗೋ?" ಇದಕ್ಕೆ ನನ್ ಹತ್ರ ಉತ್ತರ ಇರ್ಲಿಲ್ಲ, ಈಗ್ಲೂ ಪೂರ್ತಿ ಇಲ್ಲ. ಕೆಲಸ ನೋಡಿ ಕೊಡೋದು ಒಂದು, ಮುಂಚೇನೇ ಕೊಡೋದು ಇನ್ನೊಂದು, ಎರಡಕ್ಕೂ ಒಂದೇ ಹೆಸರು ಇಟ್ಟಿದಾರೆ ಅಷ್ಟೇ.

ಮೊದಲ್ನೇ ದಿನದ ಬಾರ್ ಬಿಲ್ ಬಿಡಿಸಿ ತೋರಿಸ್ತೀನಿ. ಮೆನುಲಿ ಕಾಕ್‌ಟೇಲ್ 14 ಡಾಲರ್. ಅದಕ್ಕೆ 18 ಪರ್ಸೆಂಟ್ ಟಿಪ್ಸ್, 2.52. ಹಡಗು ಇನ್ನೂ ದಡದಲ್ಲೇ ಇತ್ತು, ಹಾಗಾಗಿ ಟೆಕ್ಸಸ್ ಟ್ಯಾಕ್ಸ್ 8.25 ಪರ್ಸೆಂಟ್, ಅದು 1.16. ಒಟ್ಟು 17.68. ಅಂದ್ರೆ ಹದಿನಾಲ್ಕು ಅಂತ ಕೂತೋರು ಹದಿನೇಳೂ ಮುಕ್ಕಾಲಿಗೆ ಏಳ್ತೀರ. ಹಡಗು ಟೆಕ್ಸಸ್ ನೀರು ದಾಟಿದ್ಮೇಲೆ ಟ್ಯಾಕ್ಸ್ ಬಿಟ್ಹೋಗುತ್ತೆ, ಟಿಪ್ಸ್ ಬಿಡಲ್ಲ. ಟ್ಯಾಕ್ಸ್ ಬಗ್ಗೆ ಯಾರೂ ಮೊದ್ಲೇ ಹೇಳಲ್ಲ, ಅದಕ್ಕೇ ಹೇಳ್ತಿದೀನಿ, ಹತ್ತಿದ ತಕ್ಷಣ ಸ್ವಿಮ್ಮಿಂಗ್ ಪೂಲ್ ಪಕ್ಕ ಪ್ಲಾಸ್ಟಿಕ್ ಅನಾನಸಲ್ಲಿ ಏನೋ ಹಾಕ್ಕೊಂಡು ಬಂದು ನಿಲ್ತಾರಲ್ಲ, ಆಗ ಸ್ವಲ್ಪ ತಡ್ಕೊಳ್ಳಿ. ಆ ಅನಾನಸಿಗೆ ಬೇರೆ ರೇಟು.

ಬಾರ್‌ಗೆ ಬರ್ತೀನಿ. ನಾವು ದಿನಾ ಸಂಜೆ ಕೂರ್ತಿದ್ದಿದ್ದು ಐದನೇ ಡೆಕ್‌ನ ಒಳಗಿನ ಸಣ್ಣ ಬಾರಲ್ಲಿ, ಗಲಾಟೆ ಕಮ್ಮಿ, ಅಮ್ಮಂಗೂ ಕೂರೋಕೆ ಸೋಫಾ ಇತ್ತು. ಅಪ್ಪ ಕೌಂಟರ್ ಹತ್ರ ಹೋಗಿ ಶೆಲ್ಫ್ ಎಲ್ಲಾ ಒಂದು ಸುತ್ತು ನೋಡಿ ಬಾರ್‌ಟೆಂಡರ್ ಹುಡುಗನ್ನ "ಓಲ್ಡ್ ಮಾಂಕ್?" ಅಂತ ಕೇಳಿದ್ರು. ಆ ಹುಡುಗ ನಗ್ತಾ ನಗ್ತಾ, "ಅಂಕಲ್, ಕನ್ನಡವಾ ನೀವು? ಓಲ್ಡ್ ಮಾಂಕ್ ಇಲ್ಲಿ ಎಲ್ಲಿ ಸಿಗ್ತದೆ ಮಾರಾಯ್ರೆ, ಅದರ ಹತ್ತಿರದ್ದು ಒಂದು ಉಂಟು, ನೋಡಿ" ಅಂದ. ಎದೆ ಮೇಲಿನ ಬ್ಯಾಡ್ಜಲ್ಲಿ ಹೆಸರಿನ ಕೆಳಗೆ ಇಂಡಿಯಾ ಅಂತಿತ್ತು, ನಾವ್ಯಾರೂ ನೋಡಿರ್ಲಿಲ್ಲ. ಉಡುಪಿ ಕಡೆಯವನು. ಜಮೈಕಾದ ಕಪ್ಪು ರಮ್ ತೆಗ್ದ, ಎರಡೇ ಐಸ್, ಕೋಕ್ ಅರ್ಧ ಗ್ಲಾಸಿಗೆ ನಿಲ್ಲಿಸ್ದ, ನಿಂಬೆ ಹೋಳನ್ನ ಒಳಗೆ ಹಾಕ್ದೇ ಮೇಲಿಂದ ಹಿಂಡಿ ಪಕ್ಕಕ್ಕಿಟ್ಟ. ಅಪ್ಪ ಒಂದು ಗುಟುಕು ಕುಡಿದು ತಲೆ ಆಡಿಸಿದ್ರು, ಅಷ್ಟೇ, ಅಪ್ಪನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಬರಲ್ಲ. ಮಾರನೇ ದಿನ ನಾವು ಹೋಗಿ ಕೂರೋದ್ರೊಳಗೆ ನ್ಯಾಪ್‌ಕಿನ್ ಮೇಲೆ ಗ್ಲಾಸ್ ಇತ್ತು, ಎರಡೇ ಐಸ್, ನಿಂಬೆ ಹಿಂಡಿ ಪಕ್ಕದಲ್ಲಿ. ಅವತ್ತು ಆ ಬಾರಲ್ಲಿ ನೂರಾರು ಜನ ಬಂದುಹೋಗಿರ್ತಾರೆ.

ನಾನು ರಿಸೀಟ್‌ಗೆ ಸೈನ್ ಹಾಕುವಾಗ ನೋಡ್ದೆ, ಅಪ್ಪ ಕೋಸ್ಟರ್ ಕೆಳಗೆ ಐದು ಡಾಲರ್ ನೋಟು ತಳ್ತಿದ್ರು. "ಬಿಲ್ಲಲ್ಲೇ ಸೇರಿದೆಯಲ್ಲಪ್ಪ" ಅಂದೆ. "ಅದು ಕಂಪನಿ ತಗೊಂಡಿದ್ದು, ಇದು ನಾನ್ ಕೊಡ್ತಿರೋದು" ಅಂದ್ರು. ಮೂರು ದಿನದ ಹಿಂದೆ ಕ್ಯಾಲ್ಕುಲೇಟರ್ ಹಿಡಿದಿದ್ದ ಮನುಷ್ಯ!

ಜನ ಕಮ್ಮಿ ಇದ್ದಾಗ ಆ ಹುಡುಗ ಮಾತಾಡ್ತಿದ್ದ, ಗ್ಲಾಸ್ ಒರೆಸ್ತಾನೇ, ನಿಂತ್ಕೊಂಡು ಹರಟೆ ಹೊಡೆದ್ರೆ ಸೂಪರ್‌ವೈಸರ್ ನೋಡ್ತಾರಂತೆ. ಅವನ ಕಾಂಟ್ರ್ಯಾಕ್ಟ್ ಎಂಟು ತಿಂಗಳು, ವಾರದ ರಜೆ ಅನ್ನೋದೇ ಇಲ್ಲ, ಬಂದರಿಗೆ ಬಂದ ದಿನ ಎರಡು ಮೂರು ಗಂಟೆ ಸಿಕ್ಕಿದ್ರೆ ಕೆಳಗಿಳಿದು ಮನೆಗೆ ವಿಡಿಯೋ ಕಾಲ್. ಕಾಂಟ್ರ್ಯಾಕ್ಟ್ ಮುಗಿಸಿ ಊರಿಗೆ ಹೋದ್ರೆ ಮುಂದಿನ ಹಡಗು ಹತ್ತೋವರೆಗೂ ಸಂಬಳ ಇಲ್ಲ. "ದಿನಕ್ಕೆ ಎಷ್ಟು ಗಂಟೆ ಕೆಲಸನಪ್ಪ?" ಅಂತ ಅಮ್ಮ ಕೇಳಿದ್ರು. "ಹತ್ತು, ಹನ್ನೊಂದು, ಹಡಗು ಖಾಲಿ ಆಗಿ ಮತ್ತೆ ತುಂಬುವ ದಿನ ಕೇಳ್ಬೇಡಿ ಆಂಟಿ." ಇದಕ್ಕೂ ಕಾನೂನಿದೆ, ಕಡಲ ಕೆಲಸಗಾರರ ಅಂತಾರಾಷ್ಟ್ರೀಯ ಒಪ್ಪಂದ ಅಂತ 2006ರದ್ದು, ಜಾರಿಗೆ ಬಂದಿದ್ದು 2013ರಲ್ಲಿ, ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ಮೀರೋ ಹಾಗಿಲ್ಲ, ಇಲ್ಲಾಂದ್ರೆ ದಿನಕ್ಕೆ ಕನಿಷ್ಠ 10 ಗಂಟೆ ವಿಶ್ರಾಂತಿ ಅನ್ನೋ ಲೆಕ್ಕ ಇಟ್ಕೋಬೇಕು. ಎಪ್ಪತ್ತೆರಡು ಗಂಟೆ ಅನ್ನೋದು ಕಾನೂನು ಹಾಕಿರೋ ಮಿತಿ ನೋಡಿ! ನಾವು ಐಟಿಯವರು ನಲವತ್ತೈದು ಆದ್ರೇನೇ ಲಿಂಕ್ಡ್‌ಇನ್ನಲ್ಲಿ ಪ್ರಬಂಧ ಬರೀತೀವಿ.

ಸಂಬಳದ ಮಾತು ಅವನೂ ಎತ್ತಲಿಲ್ಲ, ನಾವೂ ಕೇಳ್ಲಿಲ್ಲ. ಆದ್ರೆ ವ್ಯವಸ್ಥೆ ಗುಟ್ಟೇನಲ್ಲ. ಈ ಹಡಗುಗಳ ಹಿಂಭಾಗದಲ್ಲಿ ಯಾವ ಊರಿನ ಹೆಸರು ಬರ್ದಿದೆ ಅಂತ ನೋಡಿ, ಬಹಾಮಾಸ್‌ನ ನಸ್ಸಾವ್ ಅಂತಿರುತ್ತೆ, ಪನಾಮಾ ಅಂತಿರುತ್ತೆ, ಹಡಗು ರಿಜಿಸ್ಟರ್ ಆಗಿರೋದು ಅಲ್ಲಿ. ಆಫೀಸು ಮಯಾಮಿಲಿ, ಗಿರಾಕಿ ಟೆಕ್ಸಸ್‌ನೋರು, ಹಡಗು ಮಾತ್ರ ಬಹಾಮಾಸ್‌ದು. ಬಾವುಟ ಬೇರೆ ದೇಶದ್ದಾದ್ರೆ ಅಮೆರಿಕದ ಕನಿಷ್ಠ ವೇತನ ಅಲ್ಲಿ ನಡೆಯಲ್ಲ. ಈ ಹಡಗು ಗ್ಯಾಲ್ವೆಸ್ಟನ್ ಬಿಟ್ಟು ಸೀದಾ ಮೆಕ್ಸಿಕೋ ಕಡೆ ಹೋಗೋದಕ್ಕೂ ಅದೇ ಬಾವುಟ ಕಾರಣ, 1886ರದ್ದು ಒಂದು ಹಳೇ ಕಾನೂನಿದೆ, ಅದರ ಪ್ರಕಾರ ಹೊರದೇಶದ ಹಡಗು ಅಮೆರಿಕದ ಬಂದರುಗಳ ನಡುವೆ ಸುಮ್ನೆ ಜನ ಸಾಗಿಸೋ ಹಾಗಿಲ್ಲ, ಹತ್ತಿದ ಬಂದರಿಗೇ ವಾಪಸ್ ತಂದು ಬಿಡೋ ಇಂಥ ಟ್ರಿಪ್ಪಲ್ಲೂ ಮಧ್ಯೆ ಬೇರೆ ದೇಶ ಮುಟ್ಟಲೇಬೇಕು. ಕಾನೂನು ಪಾಲಿಸೋಕೆ ಮೆಕ್ಸಿಕೋವರೆಗೂ ಡೀಸೆಲ್ ಸುಡೋಕೆ ರೆಡಿ, ಬಾವುಟ ಬದಲಾಯಿಸೋಕೆ ರೆಡಿ ಇಲ್ಲ. ಟೆಕ್ಸಸ್ ನೆಲದ ಮೇಲಿನ ಹೋಟೆಲ್‌ಗಳೇನು ಸಾಚಾ ಅಲ್ಲ, ಟಿಪ್ಸ್ ಬರೋ ಕೆಲಸಕ್ಕೆ ಇಲ್ಲೂ ಗಂಟೆಗೆ 2.13 ಡಾಲರ್ ಕೊಟ್ರೆ ಸಾಕು, 1991ರಿಂದ ಅದು ಒಂದು ಸೆಂಟೂ ಏರಿಲ್ಲ. ಆದ್ರೆ ಇಲ್ಲಿ ಟಿಪ್ಸ್ ಸೇರ್ಸಿನೂ ಕನಿಷ್ಠ ವೇತನ ತುಂಬದಿದ್ರೆ ಮಿಕ್ಕಿದ್ದು ಓನರ್ ತುಂಬಬೇಕು ಅನ್ನೋ ನಿಯಮನಾದ್ರೂ ಇದೆ.

ಅದಕ್ಕೇ ತೆಗಿಸ್ಬೇಡಿ ಅನ್ನೋದು ನಾನು. ಹೌದು, ತೆಗಿಸ್ಬಹುದು. ದೊಡ್ಡ ಕಂಪನಿಗಳಲ್ಲಿ ಡೈಲಿ ಟಿಪ್ಸ್ ಕಡ್ಡಾಯ ಅಲ್ಲ, ಗೆಸ್ಟ್ ಸರ್ವಿಸಸ್ ಕೌಂಟರಲ್ಲಿ ಹೇಳಿದ್ರೆ ಕಮ್ಮಿ ಮಾಡ್ತಾರೆ ಅಥವಾ ತೆಗೀತಾರೆ. ಬಾರ್‌ನ 18 ಪರ್ಸೆಂಟ್ ಹಂಗಲ್ಲ, ಅದು ರೇಟಿನ ಜೊತೆ ಅಂಟಿರೋದು. ಕೊನೇ ಸಂಜೆ ಆ ಕೌಂಟರ್ ಮುಂದಿನ ಕ್ಯೂ ನೋಡಿದ್ರೆ ಯಾರು ಯಾಕೆ ನಿಂತಿದಾರೆ ಅಂತ ಗೊತ್ತಾಗ್ಬಿಡುತ್ತೆ. ನಮ್ಮ ಮುಂದೆ ಒಬ್ರು, ನಮ್ಮ ದೇಶದೋರೇ, ಒಂದು ದೊಡ್ಡ ಗ್ಯಾಂಗ್ ಕರ್ಕೊಂಡು ಬಂದಿದ್ರು, ನಾಲ್ಕು ರೂಮಿಂದೂ ಒಟ್ಟಿಗೆ ತೆಗೀರಿ ಅಂತ. ಕೌಂಟರ್ ಹುಡುಗಿ ಇಂಡೋನೇಷ್ಯಾದೋಳು, "ಸರ್ವಿಸಲ್ಲಿ ಏನಾದ್ರೂ ತೊಂದ್ರೆ ಆಯ್ತಾ ಸರ್?" ಅಂತ ಕೇಳಿದ್ಲು. "ನೋ ನೋ, ಸರ್ವಿಸ್ ವಾಸ್ ಎಕ್ಸಲೆಂಟ್" ಅಂದ್ರು ಮಹಾನುಭಾವ. ಎಕ್ಸಲೆಂಟ್ ಅಂತೆ! ಆ ಹುಡುಗಿ ಮುಖದ ಮೇಲಿನ ನಗು ಒಂಚೂರೂ ಕದಲಲಿಲ್ಲ, ಟಕಟಕ ಅಂತ ಟೈಪ್ ಮಾಡಿ ಪ್ರಿಂಟ್ ಕೊಟ್ಲು. ಪಕ್ಕದ ಲೈನಲ್ಲಿ ಇಬ್ರು ಅಮೆರಿಕನ್ನರೂ ಅದೇ ಕೆಲಸಕ್ಕೆ ಬಂದಿದ್ರು, ಸೋ ಇದು ಬರೀ ನಮ್ಮೋರ ಬುದ್ಧಿ ಅಂತ ಬೈಕೊಳ್ಳೋದೂ ಬೇಡ.

ಕಂಪನಿ ಮೇಲೆ ಸಿಟ್ಟಿದ್ರೆ ಕಂಪನಿ ಮೇಲೇ ತೋರಿಸ್ಬೇಕು. ಟಿಪ್ಸನ್ನ ಟಿಕೆಟ್ಟಲ್ಲೇ ಸೇರಿಸೋಕೆ ಆಗಲ್ಲ ಅಂತ ಇವ್ರು ಹೇಳಿದ್ರೆ ನಂಬಬೇಡಿ. ಬ್ರಿಟನ್ನಿನ ಪಿ ಅಂಡ್ ಓ ಕ್ರೂಸಸ್ ದಿನಕ್ಕೆ 7 ಪೌಂಡ್ ಇದ್ದ ಸರ್ವಿಸ್ ಚಾರ್ಜನ್ನ 2019ರ ಮೇ ತಿಂಗಳಿಂದ ಪೂರ್ತಿ ಎತ್ತಿಹಾಕ್ತು, ಹಡಗುಗಳು ಮುಳುಗಲಿಲ್ಲ. ಅಲ್ಲಿನ ಮರೆಲ್ಲಾ ಹಡಗುಗಳಲ್ಲೂ ಟಿಪ್ಸ್ ಟಿಕೆಟ್ಟಲ್ಲೇ ಸೇರಿರುತ್ತೆ. ರೀಜೆಂಟ್, ಸಿಲ್ವರ್‌ಸೀ ಥರದ ದುಬಾರಿ ಹಡಗುಗಳಲ್ಲೂ ಅಷ್ಟೇ, ಅಲ್ಲಿ ಟಿಕೆಟ್ ನೋಡಿದ್ರೇನೇ ನಮಗೆ ತಲೆ ತಿರುಗುತ್ತೆ ಅನ್ನೋದು ಬೇರೆ ಮಾತು. ಅಂದ್ರೆ ಅಮೆರಿಕದ ಗಿರಾಕಿಗೆ ಟಿಪ್ಸ್ ಕೊಡೋ ಅಭ್ಯಾಸ ಇದೆ, ಆ ಅಭ್ಯಾಸದ ಮೇಲೆ ಇವ್ರು ಸಂಬಳದ ಲೆಕ್ಕ ಕಟ್ಟಿದಾರೆ.

ಬೆಂಗಳೂರಿಂದ ಬಂದೋರಿಗೆ ಇನ್ನೊಂದು ಗೊಂದಲ. ಊರಲ್ಲಿ ಹೋಟೆಲ್‌ನೋರು ತಾವಾಗೇ ಸರ್ವಿಸ್ ಚಾರ್ಜ್ ಹಾಕೋ ಹಾಗಿಲ್ಲ ಅಂತ 2022ರ ಜುಲೈನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳ್ತು, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಹಾಗಾಗಿ ಇಂದಿರಾನಗರದ ಪಬ್ಬಲ್ಲಿ ಹತ್ತು ಪರ್ಸೆಂಟ್ ಕಂಡ ತಕ್ಷಣ "ತೆಗೀರಿ ಇದನ್ನ" ಅನ್ನೋ ಅಭ್ಯಾಸ ಆಗಿದೆ, ತಪ್ಪೇನಿಲ್ಲ, ನಾನೂ ಅಂತೀನಿ. ಅದೇ ಮಾತನ್ನ ಇಲ್ಲಿ ಬಂದು ಹೇಳಿದ್ರೆ ಲೆಕ್ಕ ತಪ್ಪುತ್ತೆ. ಅಲ್ಲಿ ಓನರ್ ಸಂಬಳದ ಮೇಲೆ ಇನ್ನೊಂದಿಷ್ಟು ಕೇಳ್ತಿದಾನೆ, ಇಲ್ಲಿ ಸಂಬಳದ ಒಂದು ಭಾಗನೇ ನಿಮ್ಮ ಅಕೌಂಟ್ ಮೂಲಕ ಹೋಗ್ತಿದೆ.

ಬಿಲ್ಲಿಗೆ ಒಂದೂವರೆ ಯಾಕೆ ಕೊಟ್ಟೆ ಅಂತ ಹೇಳ್ತೀನಿ. ಬಾರ್ ರಿಸೀಟಲ್ಲಿ 18 ಪರ್ಸೆಂಟ್ ಸೇರಿಸಿ ಟೋಟಲ್ ಹಾಕಿದ್ಮೇಲೂ ಕೆಳಗೆ ಇನ್ನೊಂದು ಖಾಲಿ ಗೆರೆ, ಎಕ್ಸ್ಟ್ರಾ ಟಿಪ್ಸ್ ಬರೀರಿ ಅಂತ. ಮೇಲಿನ 18 ಪರ್ಸೆಂಟ್ ಇರುವೆ ಸೈಜಿನ ಅಕ್ಷರದಲ್ಲಿ, ಕೆಳಗಿನ ಗೆರೆ ದಪ್ಪ. ಅಮೆರಿಕದಲ್ಲಿ ಇರೋರ ಕೈ ಗೆರೆ ಕಂಡ ತಕ್ಷಣ ತಾನಾಗೇ ಇಪ್ಪತ್ತು ಪರ್ಸೆಂಟ್ ಬರ್ದುಬಿಡುತ್ತೆ, ಪಕ್ಕದ ಟೇಬಲ್ಲಿನ ಅಂಕಲ್ ಒಬ್ರು ಮೂರು ದಿನ ಹಿಂಗೇ ಡಬಲ್ ಕೊಟ್ಟಿದ್ರು ಪಾಪ. ದುಡ್ಡು ಕೊಟ್ಟು ತಿನ್ನೋ ಸ್ಪೆಷಲ್ ರೆಸ್ಟೋರೆಂಟಲ್ಲಿ ನಂಗೂ ಇದೇ ಕಥೆ, ಬುಕ್ ಮಾಡುವಾಗ್ಲೇ ಟಿಪ್ಸ್ ಸೇರಿಸಿ ಕಟ್ಟಿಸ್ಕೊಂಡಿದ್ರು, ಊಟ ಆದ್ಮೇಲೆ ಸೊನ್ನೆ ಬಿಲ್ ಇರೋ ಫೋಲ್ಡರ್ ತಂದಿಟ್ರು, ಸೊನ್ನೆ ಕೆಳಗೆ ಅದೇ ಖಾಲಿ ಗೆರೆ. ಮ್ಯಾನೇಜರ್‌ನ ಕರೆದು ಕೇಳ್ದೆ, ಇದರಲ್ಲಿ ಟಿಪ್ಸ್ ಸೇರಿದೆಯಾ ಇಲ್ವಾ ಅಂತ. "ಇಟ್ ಈಸ್ ಅಪ್ ಟು ಯೂ ಸರ್" ಅಂದ್ರು. ನಾನ್ ಕೇಳಿದ್ದು ಅದಲ್ಲ ಕಣ್ರೀ! ಎರಡನೇ ಸಲ ಕೇಳಿದ್ಮೇಲೆ ಸೇರಿದೆ ಅಂತ ಬಾಯಿ ಬಿಟ್ರು.

ಡ್ರಿಂಕ್ ಪ್ಯಾಕೇಜ್, ಅಂದ್ರೆ ಮೊದ್ಲೇ ದಿನಕ್ಕಿಷ್ಟು ಅಂತ ಕಟ್ಟಿ ಕುಡಿಯೋದು, ಅದನ್ನ ತಗೊಂಡೋರಿಗೆ, ಪ್ಯಾಕೇಜ್ ರೇಟಿನ ಮೇಲೂ ಟಿಪ್ಸ್ ಪರ್ಸೆಂಟ್ ಮೊದ್ಲೇ ಬಿದ್ದಿರುತ್ತೆ, ಆಮೇಲಿನ ಒಂದೊಂದು ಗ್ಲಾಸಿಗೂ ರಿಸೀಟ್ ಸೊನ್ನೆನೇ. ಒಂದೇ ರೂಮಲ್ಲಿರೋ ದೊಡ್ಡೋರೆಲ್ಲ ತಗೋಬೇಕು ಅನ್ನೋ ರೂಲ್ಸ್ ಇರುತ್ತೆ, ಅಮ್ಮ ಕಾಫಿ ಬಿಟ್ಟು ಬೇರೆ ಏನೂ ಕುಡಿಯಲ್ಲ, ಅಪ್ಪಂದು ದಿನಕ್ಕೆ ಎರಡು, ನಮಗೆ ಲೆಕ್ಕ ಕೂಡ್ಲಿಲ್ಲ, ತಗೊಳ್ಳಲಿಲ್ಲ. ಕಾರ್ನಿವಲ್ ಪ್ಯಾಕೇಜಲ್ಲಿ ದಿನಕ್ಕೆ 15 ಡ್ರಿಂಕ್ ಅಂತ ಮಿತಿ ಇದೆ ಅಂದಾಗ ಅಪ್ಪ "ಹದಿನೈದು ಕುಡಿದೋನಿಗೆ ಹದಿನಾರನೇದು ಕೇಳೋಕೆ ಎಲ್ಲಿ ನಾಲಿಗೆ ಹೊರಳುತ್ತೆ" ಅಂದ್ರು.

ಅಮ್ಮನ ಊಟದ ವಿಷ್ಯ ಹೇಳ್ದೇ ಇದ್ರೆ ಮನೇಲಿ ಊಟ ಸಿಗಲ್ಲ. ಶುದ್ಧ ಸಸ್ಯಾಹಾರಿ, ಮೊಟ್ಟೆ ಮುಟ್ಟಿದ ಸೌಟೂ ಆಗಲ್ಲ. ಮೊದಲ್ನೇ ರಾತ್ರಿ ಬೇಯಿಸಿದ ಕ್ಯಾರೆಟ್, ಬ್ರೆಡ್ ನೋಡ್ಕೊಂಡು ಕೂತಿದ್ರು. ಹೆಡ್ ವೇಟರ್ ಫಿಲಿಪೀನ್ಸ್‌ನೋರು, ಟೇಬಲ್ ಹತ್ರ ಬಂದು ಒಂದು ಸಲ ಅಮ್ಮನ ತಟ್ಟೆ ನೋಡಿ, ನಾಳೆಯಿಂದ ಇಂಡಿಯನ್ ವೆಜ್ ಮಾಡಿಸ್ತೀನಿ, ಹಿಂದಿನ ದಿನನೇ ಹೇಳಿಬಿಡಿ ಅಷ್ಟೇ ಅಂದ್ರು. ಇದು ಬಹಳ ಹಡಗುಗಳಲ್ಲಿ ಮಾಡ್ತಾರೆ, ಮೆನುಲಿ ಬರ್ದಿರಲ್ಲ, ಬಾಯಿ ಬಿಟ್ಟು ಕೇಳ್ಬೇಕು. ದಾಲ್, ಪನೀರ್, ಚಪಾತಿ ಬಂತು. ನಾಲ್ಕನೇ ರಾತ್ರಿ ಒಂದು ಬೌಲಲ್ಲಿ ಅನ್ನ, ಪಕ್ಕದಲ್ಲಿ ಗಟ್ಟಿ ಮೊಸರು, ಒಂದು ಚಿಟಿಕೆ ಸಾಸಿವೆ ಒಗ್ಗರಣೆ ಬೇರೆ. ಅಡುಗೆಮನೇಲಿ ಒಬ್ಬ ಚೆನ್ನೈ ಹುಡುಗ ಇದಾನೆ, ಅವನ ಐಡಿಯಾ ಅಂದ್ರು ಹೆಡ್ ವೇಟರ್. ಅಮ್ಮ ಅವತ್ತು ರೂಮಿಗೆ ಬಂದು ಪರ್ಸಿಂದ ಇಪ್ಪತ್ತು ಡಾಲರ್ ತೆಗ್ದು ಎರಡು ಕವರ್ ಮಾಡು ಅಂದ್ರು, ಒಂದು ಹೆಡ್ ವೇಟರ್‌ಗೆ, ಇನ್ನೊಂದು ಮುಖ ನೋಡದ ಆ ಹುಡುಗಂಗೆ. ತಲುಪ್ತು, ಮಾರನೇ ದಿನ ಟೋಪಿ ಹಾಕ್ಕೊಂಡೇ ಹೊರಗೆ ಬಂದು ಕೈ ಮುಗಿದು ಹೋದ.

ಕ್ಯಾಶ್ ಎಷ್ಟು ತಗೊಂಡು ಹೋಗ್ಬೇಕು ಅಂತ ಕೇಳೋರಿಗೆ: ಹಡಗೊಳಗೆ ನೋಟಿಗೆ ಬೆಲೆ ಇರೋದು ಇದೊಂದಕ್ಕೇ, ಮಿಕ್ಕಿದ್ದೆಲ್ಲ ರೂಮ್ ಕಾರ್ಡಲ್ಲಿ ನಡೆಯುತ್ತೆ (ಕ್ಯಾಸಿನೋ ಬಿಟ್ಟು, ಅದರ ಸುದ್ದಿ ಬೇಡ). ಒಂದು, ಐದರ ನೋಟು ಬ್ಯಾಂಕಿಂದ್ಲೇ ತಗೊಂಡ್ಹೋಗಿ, ಹಡಗಲ್ಲಿ ಚಿಲ್ರೆ ಮಾಡ್ಸೋಕೆ ಮತ್ತೆ ಅದೇ ಗೆಸ್ಟ್ ಸರ್ವಿಸಸ್ ಕ್ಯೂ. ನಾಣ್ಯ ಕೊಡ್ಬೇಡಿ, ಮನಿಲಾದಲ್ಲೋ ಮಂಗಳೂರಲ್ಲೋ ಡಾಲರ್ ನೋಟು ಬದಲಾಯಿಸ್ಬಹುದು, ಕ್ವಾರ್ಟರ್ ನಾಣ್ಯ ಯಾರು ತಗೋತಾರೆ. ಬಾರಲ್ಲಿ ಗ್ಲಾಸಿಗೊಂದು ಡಾಲರ್ ಎಕ್ಸ್ಟ್ರಾ ಕೊಟ್ರೆ ಧಾರಾಳ ಅಂತಲೇ ಲೆಕ್ಕ, 18 ಪರ್ಸೆಂಟ್ ಹೆಂಗೂ ಹೋಗಿದೆ. ದಿನಾ ಒಂದೇ ಬಾರಲ್ಲಿ ಕೂರೋದಾದ್ರೆ ಮೊದಲ್ನೇ ದಿನವೇ ಐದು ಕೊಟ್ಬಿಡಿ, ಕೊನೇ ದಿನ ಇಪ್ಪತ್ತು ಕೊಟ್ಟು ಹೀರೋ ಆಗೋದಕ್ಕಿಂತ ಅದು ಕೆಲಸಕ್ಕೆ ಬರುತ್ತೆ, ಕೊನೇ ರಾತ್ರಿ ಅವ್ರ ಡ್ಯೂಟಿ ಬೇರೆ ಡೆಕ್‌ಗೆ ಬಿದ್ದಿದ್ರೆ ಹುಡುಕ್ಕೊಂಡು ಓಡಾಡ್ತೀರ. ಡ್ರಿಂಕ್ ತಟ್ಟೇಲಿ ಹೊತ್ಕೊಂಡು ಬಂದು ಪೂಲ್ ಹತ್ರ ಕೊಡ್ತಾರಲ್ಲ, ಅವ್ರನ್ನ ಜನ ಮರೀತಾರೆ, ಆ ಬಿಸಿಲಲ್ಲಿ ಪೂರ್ತಿ ಯೂನಿಫಾರ್ಮ್ ಹಾಕ್ಕೊಂಡು ನಿಲ್ಲೋದು ಅವ್ರೇ.

ಇನ್ನೊಂದು, ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಇಳಿದ್ಮೇಲೆ ಇಮೇಲಲ್ಲಿ ಸರ್ವೇ ಬರುತ್ತೆ, ಅದರಲ್ಲಿ ಚೆನ್ನಾಗಿ ನೋಡ್ಕೊಂಡೋರ ಹೆಸರು ಬರೀರಿ, ಬ್ಯಾಡ್ಜ್ ನೋಡಿ ಸ್ಪೆಲಿಂಗ್ ಸರಿಯಾಗಿ. ಉಡುಪಿ ಹುಡುಗ ಕೇಳಿದ್ದು ಅದೊಂದೇ, "ಟಿಪ್ಸ್ ಬೇಡ ಅಂಕಲ್, ಸರ್ವೇಲಿ ಒಂದು ಹೆಸರು ಹಾಕಿ, ಮುಂದಿನ ಕಾಂಟ್ರ್ಯಾಕ್ಟ್‌ಗೆ ಒಳ್ಳೆದಾಗ್ತದೆ." ಟಿಪ್ಸ್ ಬೇಡ ಅಂದ್ರೂ ಅಪ್ಪ ಬಿಡ್ಲಿಲ್ಲ ಅನ್ನಿ. ಹಡಗಲ್ಲಿದ್ದ ನಮ್ಮೋರೇ ಒಬ್ರು ಅವನಿಗೆ ನೂರು ರೂಪಾಯಿ ನೋಟು ಕೊಟ್ಟಿದ್ರು, ಅದು ಅವನಿಗೆ ಊರಲ್ಲಿ ಖರ್ಚಾಗುತ್ತೆ ಸರಿ, ಅದೇ ಧೈರ್ಯದಲ್ಲಿ ರೂಮಿನ ಫಿಲಿಪಿನೋ ಹುಡುಗಂಗೂ ನೂರು ರೂಪಾಯಿ ಕೊಟ್ಟಿದಾರೆ! ಅವ್ನು ಗಾಂಧಿ ಫೋಟೋ ನೋಡಿ ಬಹಳ ಖುಷಿಯಾಗಿ ಥ್ಯಾಂಕ್ಯೂ ಹೇಳಿದ್ನಂತೆ.

ರೂಮ್ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಡೈಲಿ ಟಿಪ್ಸಲ್ಲಿ ಆ ಹುಡುಗನ ಪಾಲು ಇದೆ, ನಾವು ಅಪ್ಪ ಅಮ್ಮನ ರೂಮಿಗೆ ಬಿಸಿನೀರಿನ ಫ್ಲಾಸ್ಕ್ ದಿನಾ ಕೇಳ್ತಿದ್ದಕ್ಕೆ ಮೇಲೆ ಇಪ್ಪತ್ತು ಇಟ್ವಿ. ಟರ್ಮಿನಲ್ ಬಾಗ್ಲಲ್ಲಿ ಸೂಟ್‌ಕೇಸ್ ತಗೊಳ್ಳೋ ಪೋರ್ಟರ್‌ಗಳು ಹಡಗಿನೋರಲ್ಲ, ಅವ್ರು ಈ ಯಾವ ಲೆಕ್ಕದಲ್ಲೂ ಬರಲ್ಲ, ಬ್ಯಾಗಿಗೆ ಒಂದೆರಡು ಡಾಲರ್ ಕೈಗೇ ಕೊಡ್ಬೇಕು. ಮತ್ತೆ ವಾಪಸ್ ಬರುವಾಗ ಕೋಸುಮೆಲಿಂದ ಟಕೀಲಾ ಬಾಟ್ಲಿ ತರೋರು ಕೇಳಿ, ಗ್ಯಾಲ್ವೆಸ್ಟನ್‌ನಲ್ಲಿ ಇಳಿದ ತಕ್ಷಣ ಟೆಕ್ಸಸ್ ಆಲ್ಕೋಹಾಲ್ ಇಲಾಖೆಯೋರ ಕೌಂಟರ್ ಇರುತ್ತೆ, ಡ್ಯೂಟಿ ಫ್ರೀ ಅಂತ ತಗೊಂಡಿದ್ರೂ ಬಾಟ್ಲಿಗಿಷ್ಟು ಅಂತ ರಾಜ್ಯದ ಟ್ಯಾಕ್ಸ್ ಕಟ್ಟೇ ಹೊರಗೆ ಹೋಗ್ಬೇಕು. ಅವ್ರಿಗೆ ಟಿಪ್ಸ್ ಕೊಡೋ ಹಾಗಿಲ್ಲ, ಅದೊಂದು ಉಳೀತು.

ಮತ್ತೆ ಹೋಗ್ತೀರಾ ಅಂದ್ರೆ ಹೋಗ್ತೀವಿ, ಅತ್ತೆ ಮಾವ ಬರೋರಿದಾರೆ, ಬುಕಿಂಗ್ ಪೇಜಲ್ಲಿ ಟಿಪ್ಸ್ ಪ್ರೀಪೇ ಬಾಕ್ಸಿಗೆ ಟಿಕ್ ಹಾಕಿ ಟೋಟಲ್ ನೋಡೋದು, ಅದು ಜೇಬಿಗೆ ಒಪ್ಪಿದ್ರೆ ಬುಕ್, ಇಲ್ಲಾಂದ್ರೆ ಐದು ರಾತ್ರಿದು ನೋಡೋದು.